ಬರಿಗೈಯ ಆಳು

1971ರ ಡಿಸೆಂಬರ್ ಮೊದಲ ವಾರ. ನನಗಾಗ ಹತ್ತು ವರ್ಷ. ಸೋಮವಾರಪೇಟೆಯ ಅಕ್ಕಸಾಲಿಯೊಬ್ಬರ ಜಗಲಿಯ ಮೇಲೆ ಅವ್ವನ ಸೆರಗು ಹಿಡಿದು ಕೂತಿದ್ದೆ. ಅವರು ನಾಲ್ಕು ಬೆರಳಗಲದ ಬೆಳ್ಳಿ ತಗಡನ್ನು ಅರಗಿನ ಮೇಲೆ ಬೋರಲು ಕೂರಿಸಿ, ಹಿಂಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಗಡಿಯಲ್ಲಿ ಯುದ್ಧ ಶುರುವಾಗಿ ಎರಡು ಮೂರು ದಿನವಾಗಿತ್ತು. ಅಣ್ಣ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ. ಎಲ್ಲಿದ್ದಾನೆಂದು ನಮಗೆ ತಿಳಿಯದು. ಅವನ ಕಾಗದಗಳಲ್ಲಿ ಊರಿನ ಹೆಸರಿರುತ್ತಿರಲಿಲ್ಲ, '56 ಎ.ಪಿ.ಒ.' ಎಂದಷ್ಟೇ ಇರುತ್ತಿತ್ತು. ಅವ್ವ ಊರದೇವತೆ ಸಬ್ಬಮ್ಮನಿಗೆ ಬೆಳ್ಳಿಯ ಆಳು ಹರಕೆ ಹೊತ್ತಿದ್ದಳು.

ಅಕ್ಕಸಾಲಿ ತಲೆ ಎತ್ತಿ ಕೇಳಿದರು: "ಮಗ ಮಿಲ್ಟ್ರೀಲಿದ್ದಾನೆ ಅಂದ್ರಲ್ಲ, ಕೈಗೊಂದು ಕೋವಿ ಮೂಡಿಸ್ಲಾ ಅಮ್ಮ?"

ಅವ್ವ ಯೋಚಿಸಲೇ ಇಲ್ಲ. "ಕೋವಿ ಬ್ಯಾಡಿ. ಬರಿಗೈಲಿರ್ಲಿ. ಹಂಗೇ ಮನೆಗೆ ಬರ್ಬೇಕು ಅವನು."

ಈ ಮಾತಿನ ಅರ್ಥ ನನಗೆ ತಿಳಿಯಲು ಸುಮಾರು ಐವತ್ತು ವರ್ಷ ಹಿಡಿಯಿತು.

ನಮ್ಮ ಕಡೆ ಹರಕೆಗೆ ರೂಪವಿರುತ್ತದೆ. ಕಣ್ಣುಬೇನೆಗೆ ಬೆಳ್ಳಿಯ ಕಣ್ಣು, ಕಾಲುನೋವಿಗೆ ಕಾಲು, ಮಕ್ಕಳಾಗಲೆಂದು ತೊಟ್ಟಿಲು. ಇಡೀ ಜೀವಕ್ಕೇ ಕುತ್ತು ಬಂದರೆ ಇಡೀ ಆಳು. ಕೊಡಗಿನ ದೇವರಕಾಡುಗಳಿಗೆ ಹೋದರೆ ಬೇಟೆಯ ದೇವರಾದ ಅಯ್ಯಪ್ಪನಿಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದಡಿ ಸಾಲುಗಟ್ಟಿ ನಿಂತಿರುತ್ತವೆ, ಮಳೆಗೆ ಮುಖ ಕರಗಿ, ಮೈಮೇಲೆ ಪಾಚಿ ಬೆಳೆದು. ಬಾಯಿಮಾತಿನ ಪ್ರಾರ್ಥನೆ ಗಾಳಿಗೆ ಹೋಗಿಬಿಡುತ್ತದೆ ಎಂದು ನಮ್ಮ ಹಿರಿಯರಿಗೆ ಅನ್ನಿಸಿರಬೇಕು. ಅದಕ್ಕೇ ಅದನ್ನು ಮಣ್ಣಿನಲ್ಲಿ, ಬೆಳ್ಳಿಯಲ್ಲಿ, ಕಲ್ಲಿನಲ್ಲಿ ಮೂಡಿಸಿಟ್ಟರು.

ಆಚೆಮನೆ ದೊಡ್ಡಮ್ಮನ ಮಗನೂ ಅಣ್ಣನ ಜೊತೆಗೇ ಸೇನೆಗೆ ಸೇರಿದ್ದ. ದೊಡ್ಡಮ್ಮನೂ ಅದೇ ವಾರ, ಅದೇ ಅಕ್ಕಸಾಲಿಯ ಹತ್ತಿರ, ಅದೇ ಅಳತೆಯ ಆಳು ಮಾಡಿಸಿದಳು. ಎರಡು ತಗಡುಗಳೂ ಅರಿಸಿನದ ಬಟ್ಟೆಯಲ್ಲಿ ಸುತ್ತಿಕೊಂಡು ಎರಡು ಮನೆಯ ದೇವರಗೂಡಿನಲ್ಲಿ ಕಾದು ಕೂತವು. ಮಗ ಬಂದಮೇಲೆ ಅವನ ಕೈಯಿಂದಲೇ ಒಪ್ಪಿಸುವುದೆಂದು ಹರಕೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು, ಮರುದಿನ ಪಶ್ಚಿಮದ ಗಡಿಯಲ್ಲೂ ಗುಂಡು ನಿಂತಿತು. ರೇಡಿಯೊ ಇದ್ದ ಮನೆಯ ಮುಂದೆ ಊರಿಗೆ ಊರೇ ಸೇರಿತ್ತು. ಅದಾಗಿ ಕೆಲವು ದಿನಕ್ಕೆ ತಂತಿ ಬಂತು. ಬಂದದ್ದು ಆಚೆಮನೆಗೆ.

ಅಣ್ಣ ಫೆಬ್ರವರಿಯಲ್ಲಿ ರಜೆಗೆ ಬಂದ. ಸಬ್ಬಮ್ಮನ ಸುಗ್ಗಿ ಹಬ್ಬ ಹತ್ತಿರವಾದರೂ ಅವ್ವ ಹರಕೆಯ ಮಾತೆತ್ತಲಿಲ್ಲ. ಆಚೆಮನೆಯ ಕಣ್ಣೆದುರಿಗೆ ಮಗನನ್ನು ಕರೆದುಕೊಂಡು, ಹೂವು ಹಣ್ಣು ಹಿಡಿದು ಗುಡಿಗೆ ಹೊರಡುವುದು ಹೇಗೆ? ಬದುಕಿ ಬಂದ ಮಗನನ್ನು ಮುಚ್ಚಿಡಬೇಕೆನ್ನುವಂತೆ ಅವಳು ಅವನನ್ನು ಹಿತ್ತಲಲ್ಲೇ ಕೂರಿಸಿ ಊಟಕ್ಕಿಡುತ್ತಿದ್ದಳು. ಸುಗ್ಗಿಯ ದಿನ ಬೆಳಿಗ್ಗೆ ದೊಡ್ಡಮ್ಮನೇ ನಮ್ಮ ಅಂಗಳಕ್ಕೆ ಬಂದಳು. ಸೆರಗಿನ ತುದಿಯಲ್ಲಿ ಅರಿಸಿನದ ಗಂಟು. "ಏಳು, ಹೋಗಿ ಬರಾನ" ಎಂದಳು.

ಅವ್ವನಿಗೆ ಮಾತು ಹೊರಡಲಿಲ್ಲ. ಕೊನೆಗೆ, "ಅಕ್ಕ, ನೀನ್ಯಾಕೆ ಕೊಡ್ಬೇಕು? ಅಮ್ಮ ನಡೆಸಿಕೊಡಲಿಲ್ವಲ್ಲ" ಎಂದಳು.

ದೊಡ್ಡಮ್ಮ ಹೇಳಿದ್ದು ಇಷ್ಟು: "ಅಮ್ಮ ನಂಗೆ ಮಾತು ಕೊಟ್ಟಿರ್ಲಿಲ್ಲ ಕಣೆ. ಮಾತು ಕೊಟ್ಟೋಳು ನಾನು."

ಆ ದಿನ ಎರಡು ತಗಡುಗಳೂ ಗರ್ಭಗುಡಿಯ ಬಾಗಿಲುವಾಡದ ಮೇಲೆ ಒಂದರ ಪಕ್ಕ ಒಂದು ಮೊಳೆಗೆ ಬಿದ್ದವು. ಯಾವುದು ಬದುಕಿದವನದು, ಯಾವುದು ಹೋದವನದು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಎರಡೂ ಬರಿಗೈಯವೇ. ಅವ್ವ ಅಂದದ್ದನ್ನು ಕೇಳಿದ್ದ ಅಕ್ಕಸಾಲಿ ದೊಡ್ಡಮ್ಮನ ಆಳಿಗೂ ಕೋವಿ ಕೊಟ್ಟಿರಲಿಲ್ಲ.

1984ರಲ್ಲಿ ಮದುವೆಯಾಗಿ ನಾನು ನಂಜರಾಯಪಟ್ಟಣಕ್ಕೆ ಬಂದೆ. ಮನೆಯಿಂದ ಸ್ವಲ್ಪ ಇಳಿದರೆ ಕಾವೇರಿ, ಆಚೆ ದಡಕ್ಕೆ ದುಬಾರೆ ಕಾಡು, ಆನೆಬಿಡಾರ. ಬೆಳಗಾಗುತ್ತಲೇ ಜೇನುಕುರುಬ ಮಾವುತರು, ಕಾವಾಡಿಗಳು ಆನೆಗಳನ್ನು ನೀರಿಗಿಳಿಸಿ ಉಜ್ಜುವ ಸದ್ದು ನಮ್ಮ ದಡಕ್ಕೂ ಕೇಳುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ಹೊಳೆಯ ಬಂಡೆಗಳು ಬೆನ್ನು ತೋರಿಸುತ್ತವೆ. ಅರ್ಧ ಮೇಲೆ, ಅರ್ಧ ನೀರೊಳಗೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತಳಾದ ಮೇಲೆ ಈ ದಡದಲ್ಲಿ ಕೂತು ನಾನು ಮತ್ತೆ ಮತ್ತೆ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಯುದ್ಧಕ್ಕೆ ಹೋದವನಿಗಾಗಿ ದೇವರನ್ನು ಏನೆಂದು ಬೇಡಬೇಕು?

ಸುಲಭದ ಉತ್ತರಗಳನ್ನು ಊರಿನವರು ಆಗಲೇ ಕೊಟ್ಟಿದ್ದರು. ಹಣೆಬರಹ ಎಂದರು. ಪೂರ್ವಜನ್ಮದ ಕರ್ಮ ಎಂದರು. ಒಬ್ಬರಂತೂ, ನಿಮ್ಮ ತಾಯಿಯ ಭಕ್ತಿ ದೊಡ್ಡದು ಎಂದುಬಿಟ್ಟರು. ಆ ಮಾತನ್ನು ಅವ್ವ ಸಾಯುವವರೆಗೂ ಕ್ಷಮಿಸಲಿಲ್ಲ. ದೊಡ್ಡಮ್ಮನ ಭಕ್ತಿ ಯಾವ ತಕ್ಕಡಿಯಲ್ಲಿ ಕಡಿಮೆ ತೂಗಿತು? ಅದೇ ಬೆಳ್ಳಿ, ಅದೇ ಉಪವಾಸ, ಅದೇ ಸಬ್ಬಮ್ಮ. ಹರಕೆಯನ್ನು ವ್ಯಾಪಾರವೆಂದು ತಿಳಿದರೆ ಇದಕ್ಕೆ ಉತ್ತರವೇ ಇಲ್ಲ, ದೇವಿ ಮೋಸಗಾರ್ತಿ ಎನ್ನಬೇಕಾಗುತ್ತದೆ. ದೊಡ್ಡಮ್ಮ ಹಾಗೆ ತಿಳಿದಿರಲಿಲ್ಲ. ಅವಳ ಹರಕೆಯಲ್ಲಿ ಮಾತು ಕೊಟ್ಟವಳು ಅವಳೊಬ್ಬಳೇ. ಉಳಿಸಿಕೊಂಡವಳೂ ಅವಳೇ. ನಂಬಿಕೆ ಎಂಬ ಪದಕ್ಕೆ ನಾನು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಅರ್ಥ ಹುಡುಕಿದ್ದೇನೆ. ಇದಕ್ಕಿಂತ ಗಟ್ಟಿಯಾದದ್ದು ಸಿಕ್ಕಿಲ್ಲ.

ಬೆಳ್ಳಿಯ ಆಳು ಹೋಗುವ ಮುಂಚಿನ ಶಿಲ್ಪವಾದರೆ, ಹೋದ ಮೇಲಿನ ಶಿಲ್ಪ ವೀರಗಲ್ಲು. ಕೊಡವರ ಮಾತಿನಲ್ಲಿ ಅದು ಕೊಲ್ಲೆಕಲ್ಲು. ನನ್ನ ತವರೂರಿನ ಕೆರೆಯೇರಿಯ ಬುಡದಲ್ಲಿ ಒಂದಿತ್ತು, ಅಕ್ಷರವಿಲ್ಲದ್ದು, ಅರ್ಧ ಹೂತದ್ದು. ದನ ಮೇಯಿಸುವ ಹುಡುಗರು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಕರ್ನಾಟಕದಲ್ಲಿ ಇಂಥ ಕಲ್ಲುಗಳಿಲ್ಲದ ಸೀಮೆಯೇ ವಿರಳ. ಆರ್. ಶೇಷಶಾಸ್ತ್ರಿಗಳು ಈ ಕಲ್ಲುಗಳನ್ನೇ ಹಿಡಿದು ಒಂದು ದೊಡ್ಡ ಗ್ರಂಥ ಬರೆದಿದ್ದಾರೆ. ಹೆಚ್ಚಿನವುಗಳ ಕಟ್ಟು ಒಂದೇ: ಮೂರು ಅಂತಸ್ತು. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕೂತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ, ಅವು ಇರುವವರೆಗೂ ಈ ನೆನಪಿರಲಿ ಎಂದು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲಿದೆ, ಸುಮಾರು 900ರ ಕಾಲದ್ದು. ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನೆಂಬವನು ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಪಡೆಯನ್ನು ಎದುರಿಸಿ, ಆನೆಗಳ ಜೊತೆ ಕಾದಾಡಿ ಸತ್ತನೆಂದು ಅದರ ಶಾಸನ ಹೇಳುತ್ತದೆ. ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೇಗೂರು ಮೊದಲಾದ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟರಂತೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ದಿನಾ ಬೆಳಿಗ್ಗೆ ಮಾವುತನ ಕೈಯಿಂದ ರಾಗಿಮುದ್ದೆ ತಿನ್ನುವ ಆನೆಗಳನ್ನು ನೋಡುವ ನನಗೆ, ಅದೇ ಪ್ರಾಣಿಯನ್ನು ಮನುಷ್ಯನ ಮೇಲೆ ಹರಿಯಬಿಟ್ಟದ್ದನ್ನು ಕಲ್ಲಿನಲ್ಲಿ ನೋಡಿ ಗಂಟಲು ಕಟ್ಟಿತು.

ಈ ಕಲ್ಲುಗಳ ಹಿಂದೆ ಒಂದು ಹೊಣೆಯಿತ್ತು. ಕಲ್ನಾಡು, ನೆತ್ತರುಗೊಡಗೆ, ಬಾಳ್ಗಳ್ಚು: ಸತ್ತವನ ಮನೆಯವರಿಗೆ, ಹೋರಾಡಿದವನಿಗೆ ನೆಲ ಕೊಡುವುದಕ್ಕೆ ಎಷ್ಟು ಪದಗಳು! ಊರಿಗಾಗಿ ನೆತ್ತರು ಕೊಟ್ಟವನ ಒಲೆ ಆರಬಾರದು ಎಂಬ ಕಾಳಜಿ ಆ ಪದಗಳಲ್ಲಿದೆ. ಆದರೆ ಮನಸ್ಸನ್ನು ಕಲಕುವ ಇನ್ನೊಂದು ಮಾತೂ ಇದೆ, ಅದನ್ನು ನಾನು ಮುಚ್ಚಿಡಲಾರೆ. ಅನೇಕ ವೀರಗಲ್ಲುಗಳು ಸಾರುವುದು, ಗೆದ್ದವನಿಗೆ ಸಂಪತ್ತು, ಸತ್ತವನಿಗೆ ದೇವಕನ್ಯೆಯರು, ಆದ್ದರಿಂದ ಸಾವಿಗೆ ಅಂಜಬೇಡ ಎಂದು. ದನ ಕಾಯುವ ಹುಡುಗ ಆ ಕಲ್ಲಿಗೊರಗಿ ಕೂತು ದಿನಾ ಅಪ್ಸರೆಯರನ್ನು ನೋಡುತ್ತಿದ್ದ. ನಾಳೆ ಯುದ್ಧಕ್ಕೆ ಕರೆ ಬಂದರೆ ಅವನೇ ಹೋಗಬೇಕಾದವನು. ಹಾಗಾದರೆ ಈ ಶಿಲ್ಪ ಸತ್ತವನನ್ನು ನೆನೆಯುತ್ತಿದೆಯೋ, ಬದುಕಿರುವವನನ್ನು ಸಾವಿಗೆ ಕರೆಯುತ್ತಿದೆಯೋ? ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣನೂ ಅರ್ಜುನನಿಗೆ ಮೊದಲು ಇಂಥದೇ ಮಾತು ಹೇಳುತ್ತಾನೆ: ಸತ್ತರೆ ಸ್ವರ್ಗ, ಗೆದ್ದರೆ ಭೂಮಿ. ಆದರೆ ಅವನು ಅಲ್ಲಿಗೆ ನಿಲ್ಲಿಸುವುದಿಲ್ಲ. ಅದರ ಬೆನ್ನಿಗೇ ಸೋಲು ಗೆಲುವು, ಲಾಭ ನಷ್ಟಗಳನ್ನು ಸಮನಾಗಿ ನೋಡು ಎನ್ನುತ್ತಾನೆ. ಸ್ವರ್ಗದ ಲೆಕ್ಕ ಸಾಲದು ಎಂದು ಹೇಳಿದವನಿಗೇ ತಿಳಿದಿತ್ತು.

ಅಣ್ಣ ಯುದ್ಧದ ಮಾತು ಆಡುತ್ತಲೇ ಇರಲಿಲ್ಲ. ಒಂದೇ ಒಂದು ಸಲ, ನಮ್ಮ ಮನೆಗೆ ಬಂದಿದ್ದಾಗ, ಈ ಹೊಳೆದಡದಲ್ಲಿ ಕೂತು ಹೇಳಿದ. ಶಕರ್‌ಗಢ ಕಡೆ, ಬಸಂತರ್ ನದಿಯ ಹತ್ತಿರ ಅವರ ಕೆಲಸ. ಟ್ಯಾಂಕುಗಳು ದಾಟಲೆಂದು ನೆಲದಲ್ಲಿ ಹೂತಿಟ್ಟ ಮೈನುಗಳನ್ನು ತೆಗೆದು ದಾರಿ ಬಿಡಿಸುವುದು. ರಾತ್ರಿಯ ಹೊತ್ತು ಹೊಟ್ಟೆ ಮೇಲೆ ತೆವಳಿ, ಕಬ್ಬಿಣದ ಸರಳಿನಿಂದ ಮಣ್ಣು ಚುಚ್ಚಿ ಚುಚ್ಚಿ ನೋಡುವುದು. ಆಚೆಮನೆಯವನು ಅಲ್ಲೇ ಹೋದ. ಗುಂಡು ನಿಂತಮೇಲೆ ಹೆಣಗಳನ್ನು ಒಟ್ಟುಮಾಡುವ ಕೆಲಸ ಬಿತ್ತು. ಆ ಕಡೆಯವನೊಬ್ಬನನ್ನು ಎತ್ತುವಾಗ ಅವನ ತೋಳಿನ ಬಟ್ಟೆ ಸರಿಯಿತು. ಕಪ್ಪು ದಾರದಲ್ಲಿ ಕಟ್ಟಿದ ತಾಯಿತ.

"ಗಂಟು ಕೂಡ ಅವ್ವ ಹಾಕೋ ಗಂಟಿನ ಹಂಗೇ ಇತ್ತು" ಎಂದ ಅಣ್ಣ. ಆಮೇಲೆ ತನ್ನ ತೋಳನ್ನು ಒಂದು ಸಲ ಸವರಿಕೊಂಡ, ಅಷ್ಟೇ.

ತಾಯಿತ ಎನ್ನುವಾಗ ಕಿವಿಗೆ 'ತಾಯಿ' ಕೇಳಿಯೇ ಕೇಳುತ್ತದೆ. ಆ ತಾಯಿಯೂ ಯಾವುದೋ ದರ್ಗಾದ ಮುಂದೆ ನನ್ನ ಅವ್ವ ಬೇಡಿದ್ದನ್ನೇ ಬೇಡಿರಬೇಕು. ಅವಳ ಬೇಡಿಕೆ ಈಡೇರಬೇಕಾದರೆ ಅಣ್ಣ ಬೀಳಬೇಕಿತ್ತೋ ಏನೋ. ಇಬ್ಬರು ತಾಯಂದಿರ ನಡುವೆ ದೇವರನ್ನು ಹೀಗೆ ಹಗ್ಗದಂತೆ ಜಗ್ಗುವುದು ಸರಿಯೇ? ವೀರಗಲ್ಲಿನ ಕೆಳಗಿನ ಅಂತಸ್ತನ್ನು ನೋಡಿ: ವೀರ ದೊಡ್ಡವನು, ಎದುರಾಳಿಗಳು ಗೇಣಿನಷ್ಟು. ಒಬ್ಬನಂತೂ ಅವನ ಕಾಲಡಿಯಲ್ಲೇ ಬಿದ್ದಿರುತ್ತಾನೆ. ಆ ಬಿದ್ದವನನ್ನು ಎತ್ತಿಕೊಳ್ಳಲು ಯಾವ ಅಪ್ಸರೆಯೂ ಬರುವುದಿಲ್ಲ.

ನಮ್ಮ ನಾಡಿಗೆ ಈ ಸಂಕಟ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಅಲ್ಲಿ ಶತ್ರುವಿನ ಮಗ ಅಭಿಮನ್ಯು ಬಿದ್ದಿದ್ದಾನೆ, ತನ್ನ ಮಗ ಲಕ್ಷಣಕುಮಾರನೂ ಬಿದ್ದಿದ್ದಾನೆ. ದುರ್ಯೋಧನ ಅಭಿಮನ್ಯುವಿಗೆ ಕೈಮುಗಿಯುತ್ತಾನೆ. ಹತ್ತನೆಯ ಶತಮಾನದ ಕೊನೆಯಲ್ಲಿ, ಎಲ್ಲೆಡೆ ವೀರಗಲ್ಲುಗಳು ಏಳುತ್ತಿದ್ದ ಕಾಲದಲ್ಲಿ, ಕನ್ನಡದ ಕವಿಯೊಬ್ಬ ಎದುರಾಳಿಯ ಹುಡುಗನ ಮುಂದೆ ಅರಸನ ಕೈಗಳನ್ನು ಜೋಡಿಸಿದ.

ಕೊಡಗಿನ ಎರಡು ಕಥೆಗಳು ಇದರ ಪಕ್ಕದಲ್ಲೇ ನಿಲ್ಲುತ್ತವೆ. 1965ರ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ನಿವೃತ್ತ ಜನರಲ್ ಕೊಡಂದೇರ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರ ಹಂಟರ್ ವಿಮಾನ ಉರುಳಿ ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಜೊತೆ ಒಂದೇ ಸೇನೆಯಲ್ಲಿದ್ದವರು. ಹಳೆಯ ಸಂಬಂಧ ನೆನೆದು ಮಗನನ್ನು ಬಿಟ್ಟುಕೊಡುವ ಮಾತು ಬಂದಾಗ, ಮಡಿಕೇರಿಯಲ್ಲಿದ್ದ ಆ ತಂದೆ ಒಪ್ಪಲಿಲ್ಲವೆಂದೂ, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದರೆಂದೂ ಪ್ರಸಿದ್ಧವಾಗಿದೆ. ಮುಂದೆ ಮಗ ಮನೆಗೆ ಬಂದರು. ಬಾರದೇ ಹೋಗಿದ್ದರೂ ಆ ತಂದೆಯ ಮಾತು ಸಣ್ಣದಾಗುತ್ತಿರಲಿಲ್ಲ. ದೊಡ್ಡಮ್ಮನ ಅರಿಸಿನದ ಗಂಟಿನಲ್ಲಿದ್ದದ್ದೂ ಅದೇ ಗಟ್ಟಿತನ.

ಅದೇ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಸರ್ಗೋಧಾದ ಮೇಲಿನ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದ ಅವರು ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿದ್ದರೆಂಬುದು ಇಲ್ಲಿನವರಿಗೆ ಆಗ ಗೊತ್ತೇ ಆಗಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 23 ವರ್ಷಗಳ ನಂತರ, 1988ರಲ್ಲಿ. ಮಡಿಕೇರಿಯಲ್ಲಿ ಇಂದು ಅವರ ನೆನಪಿನ ವೃತ್ತವಿದೆ. ನಾನು ಅಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ಯೋಚಿಸುವುದು ಇನ್ನೊಂದು ಜಾಗವನ್ನು. ಅವರ ದೇಹವನ್ನು ಹೊಲದಲ್ಲಿ ಕಂಡವರು ಪಾಕಿಸ್ತಾನದ ಹಳ್ಳಿಗರು. ಮಣ್ಣು ಮಾಡಿದವರೂ ಅವರೇ. ತಮ್ಮ ನೆಲಕ್ಕೆ ಬಾಂಬು ಹಾಕಲು ಬಂದವನಿಗೆ ಅವರು ತಮ್ಮ ಹೊಲದಲ್ಲೇ ಆರಡಿ ಜಾಗ ಕೊಟ್ಟರು. ಅದಕ್ಕೆ ಶಾಸನವಿಲ್ಲ, ಸೂರ್ಯಚಂದ್ರರ ಗುರುತಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಅದೊಂದು ಕಲ್ನಾಡೇ.

2019ರಲ್ಲಿ ಅಣ್ಣ ತೀರಿಕೊಂಡ. ಕಾರ್ಯ ಮುಗಿದ ಮರುದಿನ ನಾನೊಬ್ಬಳೇ ಕೆರೆಯೇರಿಗೆ ಹೋದೆ. ಚಿಕ್ಕಂದಿನಿಂದ ಕಂಡ ಕಲ್ಲನ್ನು ಅಂದು ಮೊದಲ ಸಲ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಓದಿದೆ. ಕೆಳಗೆ ಅವನ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ನಡುವೆ ಅವನ ಎರಡೂ ತೋಳು ಅಪ್ಸರೆಯರ ಹೆಗಲ ಮೇಲೆ. ಮೇಲೆ, ಪಾಚಿಯನ್ನು ಬೆರಳಿನಿಂದ ಕೆರೆದು ನೋಡಿದೆ: ಲಿಂಗದ ಮುಂದೆ ಕಾಲು ಮಡಿಸಿ ಕೂತು ಕೈಮುಗಿದಿದ್ದಾನೆ. ಕತ್ತಿ ಇಲ್ಲ. ಗುರಾಣಿ ಇಲ್ಲ. ಸೊಂಟದಲ್ಲಿ ಕಿರುಗತ್ತಿಯೂ ಇಲ್ಲ.

ನನಗೆ ಅಕ್ಕಸಾಲಿಯ ಜಗಲಿ ನೆನಪಾಯಿತು. ಬರಿಗೈಲಿರ್ಲಿ ಎಂದ ಅವ್ವ. ಸಾವಿರ ವರ್ಷದ ಹಿಂದಿನ ಆ ಕಲ್ಲುಕುಟಿಗನೂ ನನ್ನ ಅವ್ವನೂ ಒಂದೇ ಮಾತಿಗೆ ಬಂದು ಮುಟ್ಟಿದ್ದರು. ವೀರಗಲ್ಲನ್ನು ನಾವು ಕೆಳಗಿನ ಅಂತಸ್ತಿನಲ್ಲೇ ನಿಲ್ಲಿಸಿ ನೋಡುತ್ತೇವೆ, ಅದಕ್ಕೇ ಅದು ಕತ್ತಿಯ ಕಲ್ಲಾಗಿ ಕಾಣುತ್ತದೆ. ಕಲ್ಲುಕುಟಿಗ ಆಸೆಯನ್ನು ಇಟ್ಟದ್ದು ಮೇಲೆ. ಹೋರಾಡಿದವನಿಗೆ ಆತ ಬಯಸಿದ ಕೊನೆಯ ಸುಖ, ಕೈ ಖಾಲಿಯಾಗುವುದು. ಅವ್ವನಿಗೆ ಆ ಸುಖ ಕೈಲಾಸದಲ್ಲಿ ಬೇಕಿರಲಿಲ್ಲ, ನಮ್ಮ ಅಂಗಳದಲ್ಲೇ ಬೇಕಿತ್ತು. ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ.

ಉಬ್ಬುಶಿಲ್ಪದ ಸ್ವಭಾವವನ್ನೂ ಆಗಲೇ ಗಮನಿಸಿದೆ. ಕಲ್ಲಿನಲ್ಲಿ ಸುತ್ತಲಿನದನ್ನು ಕಡಿದು ತೆಗೆದಷ್ಟೂ ವೀರ ಮುಂದೆ ಬರುತ್ತಾನೆ. ಬೆಳ್ಳಿಯಲ್ಲಿ ಏನನ್ನೂ ಕಡಿಯುವುದಿಲ್ಲ, ಹಿಂದಿನಿಂದ ಏಟು ಬಿದ್ದ ಹಾಗೆ ಆಳು ಮುಂದಕ್ಕೆ ಮೂಡುತ್ತಾನೆ. ಏಟುಗಳೆಲ್ಲ ಹಿಂಬದಿಯಲ್ಲಿ ಗುಳಿಗಳಾಗಿ ಉಳಿಯುತ್ತವೆ. ಗುಡಿಯಲ್ಲಿ ತಗಡನ್ನು ಮೊಳೆಗೆ ಹಾಕಿದಮೇಲೆ ಆ ಬದಿಯನ್ನು ಯಾರೂ ನೋಡುವುದಿಲ್ಲ. ಗಡಿಯಲ್ಲಿ ನಿಂತವನ ಮುಂಭಾಗ ನಮಗೆಲ್ಲ ಕಾಣುತ್ತದೆ, ಪತ್ರಿಕೆಯಲ್ಲಿ, ಮೆರವಣಿಗೆಯಲ್ಲಿ. ಅವನ ಹಿಂಬದಿ ಯಾವುದೋ ಮನೆಯ ದೇವರಗೂಡಿಗೆ ಅಂಟಿಕೊಂಡಿರುತ್ತದೆ. ದುಬಾರೆಯ ಬಂಡೆಗಳ ಹಾಗೆ, ಕಂಡದ್ದಕ್ಕಿಂತ ಹೆಚ್ಚು ನೀರೊಳಗಿರುತ್ತದೆ.

ಹಾಗಾದರೆ ಏನೆಂದು ಬೇಡಬೇಕು? ಗೆಲ್ಲಿಸು ಎಂದು ನಾನು ಬೇಡಲಾರೆ. ಗೆಲುವಿಗೆ ಎದುರಾಳಿಯ ತಾಯಿಯ ಕಣ್ಣೀರು ಅಂಟಿರುತ್ತದೆ. ನಮ್ಮವನನ್ನು ಮಾತ್ರ ಉಳಿಸು ಎನ್ನುವುದು ಅತಿ ಸಹಜವಾದ ಬೇಡಿಕೆ, ಅದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ. ಆದರೆ ಅವ್ವನ ಬಾಯಿಂದ ಅಂದು ಬಂದ ಮಾತಿನಲ್ಲಿ ಇನ್ನೂ ದೊಡ್ಡದೊಂದಿತ್ತು. ಅವನ ಕೈ ಬರಿದಾಗಬೇಕಾದರೆ ಎದುರಿಗಿರುವವನ ಕೈಯೂ ಬರಿದಾಗಬೇಕು. ಒಬ್ಬನಿಗೆ ಮಾತ್ರ ಈಡೇರುವ ಹರಕೆಯಲ್ಲ ಅದು. ಅದು ಈಡೇರುತ್ತದೆಂದು ದೇವರು ನನಗೆ ಮಾತು ಕೊಟ್ಟಿಲ್ಲ. ನಾನು ಕೊಡಬಹುದು.

2025ರ ಮೇ ತಿಂಗಳಲ್ಲಿ ಮತ್ತೆ ಗಡಿಯಲ್ಲಿ ಗುಂಡಿನ ಸದ್ದೆದ್ದಿತು. ನಮ್ಮ ಪಕ್ಕದ ಮನೆಯ ಹುಡುಗ, ನನ್ನ ಹತ್ತಿರ ಅಕ್ಷರ ಕಲಿತವನು, ಅಲ್ಲೆಲ್ಲೋ ಇದ್ದ. ಅವನ ಅಮ್ಮ ಮೂರು ದಿನ ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ನಾನು ಕುಶಾಲನಗರಕ್ಕೆ ಹೋದೆ. ಈಗ ಹರಕೆಯ ಆಳುಗಳು ಅಚ್ಚಿನಲ್ಲಿ ಒತ್ತಿದವು, ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಎಲ್ಲವೂ ಬರಿಗೈಯವೇ. ಎರಡು ಕೊಂಡೆ.

ಊರ ಗುಡಿಯಲ್ಲಿ ಭಟ್ಟರು ತಟ್ಟೆ ತೆಗೆದುಕೊಂಡು ಸಂಕಲ್ಪಕ್ಕೆ ಕೂತರು. ಮೊದಲನೆಯದಕ್ಕೆ ಹುಡುಗನ ಹೆಸರು, ನಕ್ಷತ್ರ ಹೇಳಿದೆ. ಎರಡನೆಯದನ್ನು ಕೈಗೆತ್ತಿಕೊಂಡು, "ಇದು ಯಾರ ಹೆಸರಿಗೆ ಟೀಚರ್?" ಎಂದರು.

"ಅವನ ಎದುರಿಗೆ ನಿಂತಿರೋನ ಹೆಸರಿಗೆ."

ಭಟ್ಟರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಹೆಸರು?"

"ನನಗೆ ಗೊತ್ತಿಲ್ಲ ಭಟ್ರೆ," ಎಂದೆ. "ಅವನ ತಾಯಿಗೆ ಗೊತ್ತಿರುತ್ತೆ."